ಹಳೆ ಕಾರಿನ ಆಯಿಲ್ ಗೇಜ್ ಪೈಪ್ ಸೋರಿಕೆ: ಬಿಗಿ ಮಾಡಿದರೂ ನಿಲ್ಲದಿದ್ದರೆ ಏನು ಮಾಡಬೇಕು?

ಎಂಜಿನ್ ಆಯಿಲ್ಲಿನ ಒತ್ತಡ ತೋರಿಸುವ ಗೇಜಿಗೆ ಎಂಜಿನ್ನಿನಿಂದ ಹೋಗುವ ಸಣ್ಣ ಪೈಪೇ ಆಯಿಲ್ ಗೇಜ್ ಪೈಪ್. ಅದು ಸೋರಿದಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಸ್ಪ್ಯಾನರ್ ತಗೊಂಡು ನಟ್ಟನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ಎರಡು ದಿನ ಸೋರಿಕೆ ನಿಂತ ಹಾಗಿರುತ್ತದೆ, ಆಮೇಲೆ ಮೊದಲಿಗಿಂತ ಜಾಸ್ತಿ ಶುರುವಾಗುತ್ತದೆ. ಮತ್ತೆ ಬಿಗಿ, ಮತ್ತೆ ಸೋರಿಕೆ. ಕೊನೆಗೆ ಥ್ರೆಡ್ ಕಿತ್ತುಹೋಗುತ್ತದೆ, ಇಲ್ಲವೇ ತಾಮ್ರದ ಪೈಪು ನಟ್ಟಿನ ಬುಡದಲ್ಲೇ ಮುರಿಯುತ್ತದೆ.

ನಟ್ ಬರೀ ಸಡಿಲವಾಗಿ ಸೋರುವುದು ಕಡಿಮೆ. ಪೈಪಿನ ತುದಿ ಹಾಳಾಗಿರುತ್ತದೆ, ವಾಷರ್ ಒಣಗಿರುತ್ತದೆ, ಅಳತೆ ಹೊಂದದ ಫಿಟ್ಟಿಂಗ್ ಕೂತಿರುತ್ತದೆ. ಎಂಜಿನ್ ಅಲುಗಿದಾಗ ಜೊತೆಗೆ ಅಲುಗಲು ಪೈಪಿಗೆ ಜಾಗವೇ ಇಲ್ಲದಿರುವುದೂ ಉಂಟು. ಇದರಲ್ಲಿ ಯಾವುದೂ ಬಿಗಿ ಮಾಡಿದರೆ ಸರಿಹೋಗುವಂಥದ್ದಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಹಂತವನ್ನು ಹಾರಿಸಿದವರೇ ಮತ್ತೆ ಮತ್ತೆ ಸೋರಿಕೆಗೆ ಸಿಕ್ಕಿಕೊಳ್ಳುವುದು.

## ಮೊದಲು ನಿಮ್ಮ ಗೇಜ್ ಯಾವ ಬಗೆಯದು ನೋಡಿ

ಡ್ಯಾಶ್‌ಬೋರ್ಡ್ ಹಿಂದೆ ಟಾರ್ಚ್ ಬಿಟ್ಟು ನೋಡಿ. ಆಯಿಲ್ ಗೇಜಿನ ಹಿಂದೆ ಬರೀ ವೈರ್ ಇದ್ದರೆ ಅದು ಎಲೆಕ್ಟ್ರಿಕ್ ಗೇಜ್. ಅಂಥ ಕಾರಿನಲ್ಲಿ ಆಯಿಲ್ ಒಳಗೆ ಬರುವುದೇ ಇಲ್ಲ. ಸೋರುವುದಿದ್ದರೆ ಎಂಜಿನ್ ಬ್ಲಾಕಿನ ಮೇಲಿರುವ ಸೆಂಡರ್ (ಒತ್ತಡವನ್ನು ವೈರ್ ಮೂಲಕ ಗೇಜಿಗೆ ತಿಳಿಸುವ ಭಾಗ) ಸುತ್ತಲೇ ಸೋರಬೇಕು. ಸೆಂಡರಿನ ಮೈಯಿಂದಲೇ, ವೈರ್ ಸಿಕ್ಕಿಸುವ ತುದಿಯ ಹತ್ತಿರ, ಆಯಿಲ್ ಜಿನುಗುತ್ತಿದ್ದರೆ ಅದನ್ನು ಬದಲಿಸಬೇಕು. ರಿಪೇರಿ ಇಲ್ಲ.

ಸಣ್ಣ ಪೈಪು ಬಂದು ಸೇರಿದ್ದರೆ ಅದು ಮೆಕ್ಯಾನಿಕಲ್ ಗೇಜ್. ಎಂಜಿನ್ನಿನ ಒತ್ತಡದಲ್ಲಿರುವ ಆಯಿಲ್ ಆ ಪೈಪಿನಲ್ಲಿ ಗೇಜಿನೊಳಗಿನ ಬಾಗಿದ ಬೋರ್ಡನ್ ಟ್ಯೂಬ್ ತನಕ ಬರುತ್ತದೆ. ಒತ್ತಡ ಹೆಚ್ಚಿದಂತೆ ಆ ಟ್ಯೂಬ್ ಸ್ವಲ್ಪ ಸ್ವಲ್ಪವೇ ನೆಟ್ಟಗಾಗಿ ಮುಳ್ಳನ್ನು ತಿರುಗಿಸುತ್ತದೆ. ಈ ಮಾರ್ಗದರ್ಶಿ ಇರುವುದು ಈ ಬಗೆಯ ಗೇಜಿಗೆ.

ಒಂದು ಎಚ್ಚರಿಕೆ. ಹಳೆ ಬ್ರಿಟಿಷ್ ಕಾರುಗಳಲ್ಲಿ ಆಯಿಲ್ ಒತ್ತಡ ಮತ್ತು ನೀರಿನ ಬಿಸಿ ಎರಡನ್ನೂ ತೋರಿಸುವ ಜೋಡಿ ಗೇಜ್ ಇರುವುದುಂಟು. ಅದರ ಹಿಂದೆ ಎರಡು ತೆಳು ಪೈಪು ಇರುತ್ತವೆ. ಬಿಸಿ ತೋರಿಸುವ ಪೈಪಿನೊಳಗೆ ಈಥರ್ ತುಂಬಿ ಶಾಶ್ವತವಾಗಿ ಮುಚ್ಚಿರುತ್ತಾರೆ. ಅದನ್ನು ಗೇಜಿನಿಂದ ಬಿಚ್ಚಲು ಬರುವುದಿಲ್ಲ. ಕತ್ತರಿಸಿದರೆ, ಜೋರಾಗಿ ಮಡಚಿದರೆ ಆ ಗೇಜ್ ಕೆಟ್ಟಂತೆಯೇ. ನಟ್ ಹಾಕಿ ಬಿಗಿದಿರುವುದು ಆಯಿಲ್ ಪೈಪು. ಸ್ಪ್ಯಾನರ್ ಹಾಕುವ ಮೊದಲು ಎರಡನ್ನೂ ಎಂಜಿನ್ ತನಕ ಕೈಯಿಂದ ಹಿಂಬಾಲಿಸಿ ಗುರುತು ಮಾಡಿಕೊಳ್ಳಿ.

## ಬೇಕಾಗುವ ಸಾಮಾನು

ಫ್ಲೇರ್ ನಟ್ ಸ್ಪ್ಯಾನರ್ ಇರಲಿ. ಇದು ನಟ್ಟಿನ ಬಹುಪಾಲು ಮುಖಗಳನ್ನು ಹಿಡಿಯುವುದರಿಂದ ಮೆತ್ತನೆ ಹಿತ್ತಾಳೆಯ ಮೂಲೆ ಸವೆಯುವುದಿಲ್ಲ. ಜೊತೆಗೆ ನಟ್ಟಿನ ಹಿಂದಿನ ಭಾಗ ತಿರುಗದಂತೆ ಹಿಡಿಯಲು ಇನ್ನೊಂದು ಸ್ಪ್ಯಾನರ್ ಬೇಕೇ ಬೇಕು. ಅದಿಲ್ಲದೆ ಕೆಲಸ ಶುರು ಮಾಡಬೇಡಿ. ಪೈಪ್ ಕಟರ್, ಥ್ರೆಡ್ ಗೇಜ್, ವರ್ನಿಯರ್ ಕ್ಯಾಲಿಪರ್, ಬ್ರೇಕ್ ಕ್ಲೀನರ್, ಟಾಲ್ಕಮ್ ಪೌಡರ್, ಟಿಶ್ಯೂ, ಟಾರ್ಚ್, ಆಯಿಲ್ ತಾಳುವ ದ್ರವ ಥ್ರೆಡ್ ಸೀಲಂಟ್, ರಬ್ಬರ್ ಗ್ರಾಮೆಟ್ (ತಗಡಿನ ತೂತಿನ ಅಂಚಿಗೆ ಹಾಕುವ ಉಂಗುರ), ಪೈಪನ್ನು ಬಾಡಿಗೆ ಕಟ್ಟಲು ಒಳಗೆ ರಬ್ಬರ್ ಇರುವ ಪಿ-ಕ್ಲಿಪ್‌ಗಳು, ಸೀಟಿನ ಮೇಲೆ ಹಾಸಲು ಹಳೆ ಬಟ್ಟೆ. ಪೈಪಿಗೆ ಫ್ಲೇರ್ ತುದಿ (ತುತ್ತೂರಿಯ ಬಾಯಿಯಂತೆ ಅಗಲಿಸಿದ ತುದಿ) ಇದ್ದರೆ ಫ್ಲೇರಿಂಗ್ ಟೂಲ್ ಕೂಡ ಬೇಕು.

ಪೈಪ್ ಕತ್ತರಿಸಲು ಹ್ಯಾಕ್ಸಾ ಬ್ಲೇಡ್ ಬೇಡ. ಲೋಹದ ಪುಡಿ ಒಳಗೆ ಉಳಿಯುತ್ತದೆ, ತುದಿಯೂ ಓರೆಯಾಗುತ್ತದೆ. ನೈಲಾನ್ ಪೈಪಿಗೆ ಹರಿತವಾದ ಬ್ಲೇಡ್ ಸಾಕು.

## ಹಂತ 1: ಸೋರುವ ಜಾಗ ಹುಡುಕಿ

ಆಯಿಲ್ ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ. ಆಯಿಲ್ ಪೈಪಿನ ಮೈ ಹಿಡಿದು ಇಳಿಯುತ್ತದೆ, ಫ್ಯಾನಿನ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಫೈರ್‌ವಾಲ್ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆ) ಹತ್ತಿರ ಒದ್ದೆ ಕಂಡರೆ ತಪ್ಪೆಲ್ಲ ಅಲ್ಲೇ ಇದೆ ಎಂದು ತಿಳಿಯಬೇಡಿ. ವಾಲ್ವ್ ಕವರ್ ಗ್ಯಾಸ್ಕೆಟ್ಟಿನಿಂದ ಇಳಿದ ಆಯಿಲ್ ಗೇಜ್ ಫಿಟ್ಟಿಂಗ್ ಮೇಲೆ ಕೂತು ಮೋಸ ಮಾಡುವುದು ತುಂಬಾ ಸಾಮಾನ್ಯ. ಪೈಪಿನ ಮೇಲೆ ಎಷ್ಟು ಕೆಲಸ ಮಾಡಿದರೂ ಆ ಸೋರಿಕೆ ನಿಲ್ಲುವುದಿಲ್ಲ, ಅಲ್ವಾ?

ಎಂಜಿನ್ ಪೂರ್ತಿ ತಣ್ಣಗಿರುವಾಗ ಬ್ಲಾಕಿನ ಫಿಟ್ಟಿಂಗ್, ಪೈಪಿನ ಉದ್ದಕ್ಕೂ, ಫೈರ್‌ವಾಲ್ ತೂತು, ಗೇಜಿನ ಹಿಂಭಾಗ ಎಲ್ಲವನ್ನೂ ಒರೆಸಿ ಒಣಗಿಸಿ. ಬ್ರೇಕ್ ಕ್ಲೀನರ್ ಬಳಸುವುದಾದರೆ ಬಟ್ಟೆಗೆ ಹಾಕಿ ಒರೆಸಿ, ಅದು ಪೂರ್ತಿ ಆರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಬಣ್ಣಕ್ಕೂ ಪ್ಲಾಸ್ಟಿಕ್ಕಿಗೂ ಅದು ತಾಗದಿರಲಿ. ಆಮೇಲೆ ಜಾಯಿಂಟ್‌ಗಳ ಮೇಲೆ ಟಾಲ್ಕಮ್ ಪೌಡರನ್ನು ತೆಳ್ಳಗೆ ಉದುರಿಸಿ.

ಎಂಜಿನ್ ಸ್ಟಾರ್ಟ್ ಮಾಡಿ, ಕೈ ಬಟ್ಟೆಗಳನ್ನು ಫ್ಯಾನ್ ಬೆಲ್ಟಿನಿಂದ ದೂರ ಇಟ್ಟುಕೊಂಡು ನೋಡಿ. ಎಲ್ಲಕ್ಕಿಂತ ಮೇಲೆ ಒದ್ದೆಯಾದ ಜಾಗವೇ ಮೂಲ. ತಣ್ಣನೆಯ ಎಂಜಿನ್ನಿನಲ್ಲಿ ಒತ್ತಡ ಅತಿ ಹೆಚ್ಚು. ಹಲವು ಹಳೆ ಎಂಜಿನ್‌ಗಳಲ್ಲಿ 60 ಪಿಎಸ್‌ಐ, ಅಂದರೆ ಸುಮಾರು 4 ಬಾರ್ ದಾಟುತ್ತದೆ. ಬಿಸಿಯಾದಾಗ ಒತ್ತಡ ಇಳಿದರೂ ಆಯಿಲ್ ತೆಳ್ಳಗಾಗುವುದರಿಂದ ಸಣ್ಣ ಸಂದಿನಲ್ಲೂ ನುಗ್ಗುತ್ತದೆ. ಹಾಗಾಗಿ ತಣ್ಣಗಿದ್ದಾಗ ಒಮ್ಮೆ, ಚೆನ್ನಾಗಿ ಬಿಸಿಯಾದ ಮೇಲೆ ಒಮ್ಮೆ ನೋಡಬೇಕು. ಒಂದರಲ್ಲಿ ಒಣಗಿದ್ದು ಇನ್ನೊಂದರಲ್ಲಿ ಸೋರಬಹುದು.

ಗೇಜಿನ ಗಾಜಿನ ಒಳಗಡೆ ಆಯಿಲ್ ಕಂಡರೆ ಬೋರ್ಡನ್ ಟ್ಯೂಬೇ ಬಿರಿದಿದೆ ಎಂದರ್ಥ. ಪೈಪನ್ನು ಮುಟ್ಟಿ ಪ್ರಯೋಜನವಿಲ್ಲ. ಗೇಜನ್ನು ರಿಪೇರಿ ಮಾಡುವವರಿಗೆ ಕೊಡಬೇಕು, ಇಲ್ಲವೇ ಬದಲಿಸಬೇಕು.

## ಹಂತ 2: ಬ್ಯಾಟರಿ ಬಿಚ್ಚಿ, ಎಂಜಿನ್ ಆರಲು ಬಿಡಿ

ಬ್ಯಾಟರಿಯ ಅರ್ತ್ ಕೇಬಲ್ ತೆಗೆಯಿರಿ. ಆಯಿಲ್ ಪೈಪಿಗೆ ಕರೆಂಟ್ ಯಾಕೆ ಸಂಬಂಧ ಎನ್ನಬೇಡಿ. ಡ್ಯಾಶ್‌ಬೋರ್ಡ್ ಹಿಂದೆ ಆಮೀಟರ್ (ಬ್ಯಾಟರಿಯ ಕರೆಂಟ್ ತೋರಿಸುವ ಮೀಟರ್) ಇರುವ ಹಳೆ ಕಾರುಗಳಲ್ಲಿ ಅದರ ಟರ್ಮಿನಲ್‌ಗಳು ಚಾವಿ ಆಫ್ ಇದ್ದರೂ ಜೀವಂತ. ನಡುವೆ ಫ್ಯೂಸ್ ಕೂಡ ಇಲ್ಲದಿರುವುದು ಮಾಮೂಲು. ತಾಮ್ರದ ಪೈಪು ಎಳೆಯುವಾಗ ಅಲ್ಲಿಗೆ ತಾಗಿದರೆ ಪೈಪಿನಲ್ಲಿ ತೂತು ಬೀಳುತ್ತದೆ, ವೈರಿಂಗ್ ಸುಟ್ಟುಹೋಗುತ್ತದೆ.

ಓಡಿಸಿ ಬಂದ ಎಂಜಿನ್ನಿನ ಆಯಿಲ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ. ಬಿಸಿ ಇರುವಾಗ ಬಿಚ್ಚಬೇಡಿ. ಎಂಜಿನ್ ಓಡುತ್ತಿರುವಾಗ ನಟ್ ಬಿಗಿ ಮಾಡುವುದಂತೂ ಬೇಡವೇ ಬೇಡ. ಹಳೆ ಪೈಪು ಆ ಕ್ಷಣಕ್ಕೇ ಮುರಿದರೆ ಬಿಸಿ ಆಯಿಲ್ ಮುಖಕ್ಕೆ, ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಚಿಮ್ಮುತ್ತದೆ. ಕೆಂಡದಂತೆ ಕಾದ ಮ್ಯಾನಿಫೋಲ್ಡ್ ಮೇಲೆ ಆಯಿಲ್ ಬಿದ್ದರೆ ಬೆಂಕಿ ಹತ್ತುತ್ತದೆ.

## ಹಂತ 3: ಎರಡು ಸ್ಪ್ಯಾನರ್ ಹಾಕಿ ಬಿಚ್ಚಿ

ಮೊದಲು ಎಂಜಿನ್ ತುದಿ, ಆಮೇಲೆ ಗೇಜ್ ತುದಿ. ಎರಡೂ ಕಡೆ ನಿಯಮ ಒಂದೇ: ಒಂದು ಸ್ಪ್ಯಾನರ್ ನಟ್ ತಿರುಗಿಸಬೇಕು, ಇನ್ನೊಂದು ಅದರ ಹಿಂದಿನ ಭಾಗವನ್ನು ಅಲುಗದಂತೆ ಹಿಡಿಯಬೇಕು.

ಗೇಜ್ ತುದಿಯಲ್ಲಿ ಇದನ್ನು ಮರೆತರೆ ನಷ್ಟ ದೊಡ್ಡದು. ಗೇಜಿನ ಹಿಂದಿರುವ ಹಿತ್ತಾಳೆಯ ಚೌಕವೋ ಆರು ಮೂಲೆಯದೋ ಆದ ಭಾಗಕ್ಕೆ ಬೋರ್ಡನ್ ಟ್ಯೂಬನ್ನು ಬೆಸೆದಿರುತ್ತಾರೆ. ಅದು ನಟ್ಟಿನ ಜೊತೆ ತಿರುಗಿದರೆ ಒಳಗಿನ ಬೆಸುಗೆ ಬಿಡುತ್ತದೆ. ಒಂದು ವಾಷರ್ ಬದಲಿಸಲು ಹೋಗಿ ಗೇಜನ್ನೇ ಕಳೆದುಕೊಳ್ಳುವುದು ಹೀಗೆಯೇ.

ಕೈ ಹೋಗದ ಜಾಗವಾದರೆ ಗೇಜನ್ನು ಹಿಡಿದಿರುವ ಹಿಂದಿನ ಬ್ರಾಕೆಟ್ ಬಿಚ್ಚಿ, ಗೇಜನ್ನು ಮುಂದಕ್ಕೆ ಎಳೆದುಕೊಳ್ಳಿ. ಪೈಪು ಬಿಡುವಷ್ಟೇ ಎಳೆಯಿರಿ. ಕೆಳಗೆ ಬಟ್ಟೆ ಇರಲಿ, ಪೈಪಿನಲ್ಲಿ ಉಳಿದ ಆಯಿಲ್ ಕಾರ್ಪೆಟ್ ಮೇಲೆ ಬಿದ್ದರೆ ವಾಸನೆ ಸುಲಭಕ್ಕೆ ಹೋಗುವುದಿಲ್ಲ. ಬಿಚ್ಚಿದ ಕೂಡಲೇ ಬ್ಲಾಕಿನ ತೂತಿಗೆ ಸ್ವಚ್ಛ ಪ್ಲಾಸ್ಟಿಕ್ ಮುಚ್ಚಳವನ್ನೋ ಬಟ್ಟೆಯನ್ನೋ ಕೊಡಿ. ಅಲ್ಲಿ ಬಿದ್ದ ಕಸ ಆಯಿಲ್ ಹರಿಯುವ ದಾರಿಗೇ ಸೇರುತ್ತದೆ.

ಬಿಚ್ಚುವಾಗ ವಾಷರ್, ಫೆರೂಲ್ (ನಟ್ಟಿನೊಳಗಿನ ಪುಟ್ಟ ಉಂಗುರ) ಇವು ಯಾವ ಕ್ರಮದಲ್ಲಿ ಇದ್ದವು ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ಗೇಜಿನ ಹಿಂದಿನ ಚರ್ಮದ ವಾಷರ್ ಕೆಲವೊಮ್ಮೆ ಗೇಜಿನ ತೂತಿನೊಳಗೇ ಅಂಟಿಕೊಂಡಿರುತ್ತದೆ. ಅದನ್ನು ನೋಡದೆ ಮೇಲೆ ಇನ್ನೊಂದು ವಾಷರ್ ಹಾಕಿದರೆ ಮತ್ತೆ ಸೋರುತ್ತದೆ.

## ಹಂತ 4: ಏನು ಕೆಟ್ಟಿದೆ ಎಂದು ತೀರ್ಮಾನಿಸಿ

ಪೈಪನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಸವರುತ್ತಾ ನೋಡಿ.

ತಾಮ್ರದ ಪೈಪು: ನಟ್ಟಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಅಲುಗಿ ಅಲುಗಿ ತಾಮ್ರ ಗಟ್ಟಿಯಾಗುತ್ತದೆ, ಆಮೇಲೆ ಬಿರಿಯುತ್ತದೆ. ಬಿರುಕಿದ್ದರೆ ಬದಲಿಸಿ, ಬೆಸುಗೆ ಹಾಕಿ ಉಳಿಸಲು ಹೋಗಬೇಡಿ. ಬಿರುಕಿಲ್ಲ, ಬರೀ ಗಟ್ಟಿಯಾಗಿದೆ ಎಂದಾದರೆ ಒಳಗಿನ ಆಯಿಲ್ ಪೂರ್ತಿ ತೊಳೆದು, ಮಂದ ಕೆಂಪಾಗುವ ತನಕ ಕಾಯಿಸಿ ಆರಿಸಿದರೆ ತಾಮ್ರ ಮತ್ತೆ ಮೆತ್ತಗಾಗುತ್ತದೆ. ತುದಿಯಲ್ಲಿ ಬೆಸೆದ ನಿಪ್ಪಲ್ ಇದ್ದರೆ ಅದರ ಹತ್ತಿರ ಜ್ವಾಲೆ ಹೋಗಬಾರದು, ಬೆಸುಗೆ ಕರಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಇಷ್ಟೆಲ್ಲ ಮಾಡುವ ಬದಲು ಹೊಸ ಪೈಪು ಹಾಕುವುದೇ ಲೇಸು.

ನೈಲಾನ್ ಪೈಪು: ಹಳದಿ ತಿರುಗಿ ಗಟ್ಟಿಯಾಗಿದ್ದರೆ, ಬಾಗಿಸಿದಾಗ ಬಿಳಿ ಗೆರೆ ಮೂಡಿದರೆ ಅದರ ಆಯುಸ್ಸು ಮುಗಿದಿದೆ. ಪೂರ್ತಿ ಬದಲಿಸಿ.

ರಬ್ಬರ್ ಹೋಸ್: ಹಲವು ಬ್ರಿಟಿಷ್ ಕಾರುಗಳಲ್ಲಿ ಬ್ಲಾಕಿನಿಂದ ಫೈರ್‌ವಾಲ್ ತನಕ ರಬ್ಬರ್ ಹೋಸ್, ಅಲ್ಲಿಂದ ಗೇಜಿಗೆ ತೆಳು ಲೋಹದ ಪೈಪು ಇರುತ್ತದೆ. ಹೋಸ್ ಮೇಲೆ ಸಣ್ಣ ಬಿರುಕುಗಳ ಜಾಲ, ಉಬ್ಬು, ತುದಿಯ ಲೋಹದ ಬಳಿ ಜಿನುಗು, ಯಾವುದಿದ್ದರೂ ಬದಲಿಸಿ. ಪೆಟ್ರೋಲ್ ಹೋಸನ್ನು ಕತ್ತರಿಸಿ ಕ್ಲಿಪ್ ಹಾಕಿ ಕೂರಿಸಬೇಡಿ. ಈ ಒತ್ತಡಕ್ಕೂ ಬಿಸಿ ಆಯಿಲ್ಲಿಗೂ ಅದು ಮಾಡಿದ್ದಲ್ಲ.

ಪೈಪು ಚೆನ್ನಾಗಿದ್ದರೆ ತಪ್ಪು ಜಾಯಿಂಟಿನಲ್ಲಿದೆ. ಫೆರೂಲ್ ಎಂದರೆ ನಟ್ ಒತ್ತಿದಾಗ ಪೈಪನ್ನು ಕಚ್ಚಿ ಹಿಡಿಯುವ ಪುಟ್ಟ ಹಿತ್ತಾಳೆ ಉಂಗುರ. ಒಮ್ಮೆ ಕಚ್ಚಿದ ಮೇಲೆ ಅದನ್ನು ಬೇರೆ ಪೈಪಿಗೆ ಹಾಕುವಂತಿಲ್ಲ. ಓರೆಯಾಗಿ ಕಚ್ಚಿದ್ದರೆ ಆ ತುದಿಯನ್ನು ಕತ್ತರಿಸಿ ಹೊಸ ಫೆರೂಲ್ ಹಾಕಿ. ಚರ್ಮದ ವಾಷರ್ ಒಣಗಿ ಮರದ ಚೂರಿನಂತಾಗಿದ್ದರೆ ಹೊಸದು ಹಾಕಿ.

## ಹಂತ 5: ಥ್ರೆಡ್ ಅಳೆಯಿರಿ

ಹೊಸ ಫಿಟ್ಟಿಂಗ್ ತಂದವರು ಎಡವುವುದು ಇಲ್ಲಿ. ಹೊರಗಿನಿಂದ ಒಂದೇ ಥರ ಕಾಣುವ ಮೂರು ಥ್ರೆಡ್ ಇವೆ. ಅಮೆರಿಕನ್ ಕಾರುಗಳಲ್ಲಿ ಸಾಮಾನ್ಯವಾಗಿ 1/8 ಎನ್‌ಪಿಟಿ, ಇಂಚಿಗೆ 27 ಸುತ್ತು. ಬ್ರಿಟಿಷ್ ಕಾರುಗಳಲ್ಲಿ ಸಿಗುವ 1/8 ಬಿಎಸ್‌ಪಿಗೆ ಇಂಚಿಗೆ 28 ಸುತ್ತು. ಯುರೋಪಿನ ಕಾರುಗಳಲ್ಲಿ ಎಂ10×1 ಇರಬಹುದು. ಬಿಎಸ್‌ಪಿಯ ಹೊರ ಅಳತೆ 9.73 ಮಿ.ಮೀ., ಎಂ10ದು 10 ಮಿ.ಮೀ. ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ.

ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. "ಚೆನ್ನಾಗಿ ಬಿಗಿ ಆಯ್ತು" ಅನ್ನಿಸುತ್ತದೆ, ಆದರೆ ಅಲ್ಲಿ ಥ್ರೆಡ್‌ಗಳು ಒಂದನ್ನೊಂದು ತಿನ್ನುತ್ತಿರುತ್ತವೆ. ಕೈಬೆರಳಲ್ಲಿ ಮೂರು ಸುತ್ತಾದರೂ ಹೋಗದಿದ್ದರೆ ನಿಲ್ಲಿಸಿ ಥ್ರೆಡ್ ಗೇಜ್ ಹಿಡಿದು ನೋಡಿ. ಫ್ಲೇರ್ ತುದಿಯ ಕೋನವೂ ಹೊಂದಬೇಕು: 45 ಡಿಗ್ರಿಯ ಫ್ಲೇರನ್ನು 37 ಡಿಗ್ರಿಯ ಫಿಟ್ಟಿಂಗಿಗೆ ಸೇರಿಸಿದರೆ ಎಷ್ಟು ಬಿಗಿದರೂ ಸೋರುತ್ತದೆ.

ಹಳೆ ಫಿಟ್ಟಿಂಗಿನ ಒಳಗೆ ಸೂಜಿ ಹೋಗುವಷ್ಟೇ ಸಣ್ಣ ತೂತು ಇದ್ದರೆ ಅದು ಕಸ ಕಟ್ಟಿದ್ದಲ್ಲ, ಬೇಕೆಂದೇ ಇಟ್ಟದ್ದು. ಮುಳ್ಳು ನಡುಗದಂತೆ ತಡೆಯುತ್ತದೆ, ಪೈಪು ಒಡೆದರೆ ಆಯಿಲ್ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಡ್ರಿಲ್ ಹಾಕಿ ದೊಡ್ಡದು ಮಾಡಬೇಡಿ. ಹೊಸ ಫಿಟ್ಟಿಂಗ್ ತರುವಾಗ ಅದೂ ಹಾಗೇ ಇರಲಿ.

## ಹಂತ 6: ಪೈಪಿನ ದಾರಿ ಸರಿಮಾಡಿ

ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿದೆ, ಗೇಜ್ ಬಾಡಿಗೆ ಕಟ್ಟಿದೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಎಂಜಿನ್ ಓರೆಯಾಗುತ್ತದೆ, ಬಾಡಿ ಇದ್ದಲ್ಲೇ ಇರುತ್ತದೆ. ಎರಡರ ನಡುವೆ ಲೋಹದ ಪೈಪನ್ನು ನೆಟ್ಟಗೆ ಎಳೆದು ಕಟ್ಟಿದರೆ ಆ ಅಲುಗಾಟವೆಲ್ಲ ನಟ್ಟಿನ ಬುಡಕ್ಕೇ ಬೀಳುತ್ತದೆ. ಹೊಸ ಪೈಪು ಕೂಡ ಹಳೆಯದು ಮುರಿದ ಜಾಗದಲ್ಲೇ ಮುರಿಯುವುದು ಇದಕ್ಕೇ.

ತಾಮ್ರದ ಪೈಪಿಗೆ ಎಂಜಿನ್ ಮತ್ತು ಬಾಡಿಯ ನಡುವೆ ಒಂದೆರಡು ಸುರುಳಿ ಕೊಡಿ. ದಪ್ಪನೆಯ ಬಾಟಲಿಗೆ ಸುತ್ತಿದರೆ ಪೈಪು ಚಪ್ಪಟೆಯಾಗದೆ ಸುರುಳಿಯಾಗುತ್ತದೆ. ಸುರುಳಿಯ ಆಚೆ, ಬಾಡಿಯ ಕಡೆ ಮೊದಲ ಕ್ಲಿಪ್ ಹಾಕಿ. ಸುರುಳಿಗೇ ಕ್ಲಿಪ್ ಹಾಕಬೇಡಿ, ಅದು ಆಡುವುದಕ್ಕೆಂದೇ ಇರುವುದು. ನೈಲಾನಿಗೂ ಹೋಸಿಗೂ ಸುರುಳಿ ಬೇಡ, ಸ್ವಲ್ಪ ಜೋತುಬಿದ್ದಂತೆ ಬಿಟ್ಟರೆ ಸಾಕು.

ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಆದಷ್ಟೂ ದೂರ ಇರಲಿ, ನೈಲಾನ್ ಆದರೆ ಮ್ಯಾನಿಫೋಲ್ಡಿನ ಆ ಬದಿಗೇ ಒಯ್ಯಬೇಡಿ. ಬೆಲ್ಟ್, ಫ್ಯಾನ್, ಥ್ರಾಟಲ್ ಲಿಂಕೇಜ್ ಎಲ್ಲೂ ತಾಗಬಾರದು. ಫೈರ್‌ವಾಲ್ ತೂತಿಗೆ ಗ್ರಾಮೆಟ್ ಕಡ್ಡಾಯ. ಬರಿ ತಗಡಿನ ಅಂಚು ಗರಗಸದಂತೆ ಪೈಪನ್ನು ಕೊಯ್ಯುತ್ತದೆ. ಒಳಗಡೆ ಪೆಡಲ್‌ಗಳಿಗೂ ಆಮೀಟರ್ ಟರ್ಮಿನಲ್‌ಗಳಿಗೂ ಅಂಟಿಕೊಳ್ಳದಂತೆ ಕಟ್ಟಿ.

ಬ್ಲಾಕಿನ ಹತ್ತಿರ ಹಿತ್ತಾಳೆಯ ಅಡಾಪ್ಟರ್ ಮೇಲೆ ಅಡಾಪ್ಟರ್ ಪೇರಿಸಿ, ತುದಿಗೆ ಭಾರದ ಸೆಂಡರ್ ತೂಗುಹಾಕಿದವರೂ ಇದ್ದಾರೆ. ಅಲುಗಾಟಕ್ಕೆ ಆ ಹಿತ್ತಾಳೆಯೇ ಒಂದು ದಿನ ತುಂಡಾಗುತ್ತದೆ. ವಾರ್ನಿಂಗ್ ಲ್ಯಾಂಪಿನ ಸ್ವಿಚ್ಚೂ ಗೇಜೂ ಎರಡೂ ಬೇಕಾದರೆ ಸಣ್ಣ ಹೋಸ್ ಹಾಕಿ ಟಿ-ಫಿಟ್ಟಿಂಗನ್ನು ಬಾಡಿಗೆ ಕಟ್ಟಿ. ಹಾಗೆ ಮಾಡಿದಾಗ ಸ್ವಿಚ್ಚಿಗೆ ಬೇರೆ ಅರ್ತ್ ವೈರ್ ಕೊಡಬೇಕಾಗಬಹುದು.

## ಹಂತ 7: ಜೋಡಿಸಿ

ಸೀಲಂಟ್ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎನ್ನುವುದು ಗೊತ್ತಿರಲಿ. ಬ್ಲಾಕಿಗೆ ಹೋಗುವ ಮೊನಚಾಗುತ್ತಾ ಹೋಗುವ ಟೇಪರ್ ಥ್ರೆಡ್ಡಿಗೆ ಸೀಲಂಟ್ ಬೇಕು. ಅಲ್ಲಿ ಸೀಲ್ ಆಗುವುದೇ ಥ್ರೆಡ್‌ನಿಂದ. ಫೆರೂಲ್, ಫ್ಲೇರ್, ವಾಷರ್ ಇರುವ ಜಾಯಿಂಟಿನಲ್ಲಿ ಥ್ರೆಡ್‌ನ ಕೆಲಸ ಬರೀ ಒತ್ತಿ ಹಿಡಿಯುವುದು. ಅಲ್ಲಿ ಸೀಲಂಟ್ ಹಾಕಿ ಉಪಯೋಗವಿಲ್ಲ, ಟೆಫ್ಲಾನ್ ಟೇಪ್ ಸುತ್ತಿದರೆ ನಟ್ ಸರಿಯಾಗಿ ಕೂರುವುದೂ ಇಲ್ಲ.

ಟೇಪರ್ ಥ್ರೆಡ್ಡಿಗೆ ಟೇಪ್‌ಗಿಂತ ದ್ರವ ಸೀಲಂಟ್ ನನಗೆ ಇಷ್ಟ. ಟೇಪಿನ ಚೂರು ಕಿತ್ತು ಸಣ್ಣ ತೂತಿಗೆ ಸಿಕ್ಕಿಕೊಂಡರೆ ಮುಳ್ಳು ನಿಧಾನಕ್ಕೆ ಏಳುತ್ತದೆ, ಕೆಲವೊಮ್ಮೆ ಏಳುವುದೇ ಇಲ್ಲ. ಯಾವುದನ್ನೇ ಹಾಕಿ, ತುದಿಯ ಒಂದೆರಡು ಥ್ರೆಡ್ ಬರಿದಾಗಿ ಬಿಡಿ. ಬೆರಳಿಂದ ಬಿಗಿದ ಮೇಲೆ ಸ್ಪ್ಯಾನರಿನಿಂದ ಒಂದೂವರೆ, ಹೆಚ್ಚೆಂದರೆ ಎರಡು ಸುತ್ತು. ಬ್ಲಾಕ್ ಅಲ್ಯೂಮಿನಿಯಮ್ ಆಗಿದ್ದರೆ ಇನ್ನೂ ಹಗುರ ಕೈ ಇರಲಿ.

ಫೆರೂಲ್ ಜಾಯಿಂಟಿನ ಕ್ರಮ ಹೀಗೆ: ಪೈಪಿಗೆ ಮೊದಲು ನಟ್, ಆಮೇಲೆ ಫೆರೂಲ್. ಪೈಪನ್ನು ಫಿಟ್ಟಿಂಗಿನ ತಳ ಮುಟ್ಟುವ ತನಕ ನೆಟ್ಟಗೆ ಒಳಗೆ ನೂಕಿ, ಹಾಗೇ ಹಿಡಿದು ನಟ್ಟನ್ನು ಬೆರಳಿಂದ ಬಿಗಿಯಿರಿ. ಪೈಪು ಅರ್ಧಕ್ಕೇ ನಿಂತಿದ್ದರೆ ಫೆರೂಲ್ ತುದಿಯನ್ನಷ್ಟೇ ಕಚ್ಚಿ, ಒತ್ತಡ ಬಂದಾಗ ಪೈಪು ಕಳಚಿಬೀಳುತ್ತದೆ. 1/8 ಇಂಚಿನ ತಾಮ್ರದ ಪೈಪಿಗೆ ಹೊಸ ಹಿತ್ತಾಳೆ ಫೆರೂಲ್ ಆದರೆ ಬೆರಳಿನ ಬಿಗಿಯಿಂದಾಚೆ ಸುಮಾರು ಒಂದೂಕಾಲು ಸುತ್ತು. ನೈಲಾನಿಗೆ ಅದಕ್ಕಿಂತ ತುಂಬಾ ಕಡಿಮೆ ಸಾಕು, ಕಿಟ್ ಜೊತೆ ಬಂದ ಚೀಟಿ ಹೇಳಿದಷ್ಟೇ ಬಿಗಿಯಿರಿ. ಜಾಸ್ತಿ ಬಿಗಿದರೆ ನೈಲಾನ್ ಒಳಗೆ ಕುಗ್ಗಿ ದಾರಿಯೇ ಮುಚ್ಚುತ್ತದೆ. ಕಿಟ್ಟಿನಲ್ಲಿ ಪೈಪಿನೊಳಗೆ ಹಾಕುವ ಪುಟ್ಟ ಹಿತ್ತಾಳೆ ತೋಳು ಬಂದಿದ್ದರೆ ಅದನ್ನು ಡಬ್ಬಿಯಲ್ಲೇ ಬಿಡಬೇಡಿ.

ಚರ್ಮದ ವಾಷರನ್ನು ಹಾಕುವ ಮೊದಲು ಎಂಜಿನ್ ಆಯಿಲ್ಲಿನಲ್ಲಿ ನೆನೆಸಿ ಮೆತ್ತಗೆ ಮಾಡಿಕೊಳ್ಳಿ. ಗೇಜ್ ತುದಿಯಲ್ಲಿ ಮತ್ತೆ ಎರಡು ಸ್ಪ್ಯಾನರ್.

ಪೈಪಿನಲ್ಲಿ ಗಾಳಿ ಉಳಿದರೆ ಗೇಜ್ ತಪ್ಪು ತೋರಿಸುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗೇನಿಲ್ಲ. ಗಾಳಿಯೂ ಒತ್ತಡವನ್ನು ಹಾಗೇ ದಾಟಿಸುತ್ತದೆ, ಮುಳ್ಳು ಏಳುವುದು ಸ್ವಲ್ಪ ತಡವಾಗಬಹುದು ಅಷ್ಟೇ.

## ಹಂತ 8: ಪರೀಕ್ಷಿಸಿ

ಆಯಿಲ್ ಮಟ್ಟ ನೋಡಿ, ಬೇಕಿದ್ದರೆ ತುಂಬಿಸಿ. ಬ್ಯಾಟರಿ ಜೋಡಿಸಿ. ಒಬ್ಬರು ಗೇಜ್ ನೋಡಲಿ, ಇನ್ನೊಬ್ಬರು ಬಾನೆಟ್ ಕಡೆ ನಿಲ್ಲಲಿ. ಸ್ಟಾರ್ಟ್ ಆದ 10 ಸೆಕೆಂಡ್ ಒಳಗೆ ಮುಳ್ಳು ಏಳದಿದ್ದರೆ ಎಂಜಿನ್ ಆಫ್ ಮಾಡಿ, ದಾರಿ ಎಲ್ಲಿ ಮುಚ್ಚಿದೆ ನೋಡಿ. "ಇನ್ನು ಸ್ವಲ್ಪ ಹೊತ್ತಿಗೆ ಬರುತ್ತೆ" ಎಂದು ಕಾಯಬೇಡಿ.

ಮುಳ್ಳು ಎದ್ದರೆ ಪ್ರತಿ ಜಾಯಿಂಟಿನ ಸುತ್ತ ಟಿಶ್ಯೂ ಒತ್ತಿ ನೋಡಿ. ಕಣ್ಣಿಗೆ ಕಾಣದ ಜಿನುಗು ಟಿಶ್ಯೂವಿನಲ್ಲಿ ಕಾಣುತ್ತದೆ. ಒದ್ದೆಯಾದರೆ ಎಂಜಿನ್ ಆಫ್ ಮಾಡಿ ಕಾಲು ಸುತ್ತಿಗಿಂತ ಕಡಿಮೆ ಬಿಗಿಯಿರಿ, ಒಂದೇ ಸಲ. ಮತ್ತೂ ಜಿನುಗಿದರೆ ಬಿಚ್ಚಿ ನೋಡಬೇಕು. ಎಂಜಿನ್ ಬಿಸಿಯಾದ ಮೇಲೆ ಇದೇ ಪರೀಕ್ಷೆ ಇನ್ನೊಮ್ಮೆ. ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಟಿಶ್ಯೂ ಹಿಡಿಯಿರಿ, ಸುರುಳಿ ಎಲ್ಲಾದರೂ ಉಜ್ಜಿದ ಗುರುತು ಇದೆಯೇ ನೋಡಿ.

ಹೊಸ ಪೈಪು ಹಾಕಿದ ಮೇಲೆ ಗೇಜ್ ಮೊದಲಿಗಿಂತ ಜಾಸ್ತಿ ತೋರಿಸಿದರೆ ಗಾಬರಿ ಬೇಡ. ಸಣ್ಣ ತೂತಿನ ಫಿಟ್ಟಿಂಗ್ ಇರುವ ಕಾರಿನಲ್ಲಿ ಅದರ ಮುಂದೆ ಸೋರಿಕೆ ಇದ್ದರೆ ಗೇಜಿಗೆ ತಲುಪುವ ಒತ್ತಡ ಇಳಿದಿರುತ್ತದೆ. ಈಗ ಕಾಣುತ್ತಿರುವುದು ನಿಜವಾದ ಲೆಕ್ಕ.

## ದಾರಿಯಲ್ಲಿ ಪೈಪು ಒಡೆದರೆ

ಕಾಲ ಬಳಿ ಬಿಸಿ ಆಯಿಲ್, ಸುಟ್ಟ ವಾಸನೆ, ದಿಢೀರನೆ ಬಿದ್ದ ಮುಳ್ಳು: ಯಾವುದು ಕಂಡರೂ ತಕ್ಷಣ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಪೆಡಲ್ ಮೇಲೆ ಆಯಿಲ್ ಬಿದ್ದರೆ ಕಾಲು ಜಾರುತ್ತದೆ, ಬ್ರೇಕ್ ಒತ್ತುವಾಗ ಜೋಪಾನ.

ಪೈಪನ್ನು ಪ್ಲೈಯರಿನಿಂದ ಹಿಸುಕಿ ಮುಚ್ಚಿ ಹೊರಡಬೇಡಿ, ಅದು ನಿಲ್ಲುವುದಿಲ್ಲ. ಬ್ಲಾಕಿನಲ್ಲಿ ಫಿಟ್ಟಿಂಗ್ ತೆಗೆದು ಅದೇ ಥ್ರೆಡ್‌ನ ಪ್ಲಗ್ ಹಾಕಿ, ಮ್ಯಾನಿಫೋಲ್ಡ್ ಮೇಲಿನ ಆಯಿಲ್ ಒರೆಸಿ, ಮಟ್ಟ ತುಂಬಿಸಿ, ಸ್ಟಾರ್ಟ್ ಮಾಡಿ ಪ್ಲಗ್ ಸುತ್ತ ನೋಡಿ. ಆಮೇಲೆ ಗೇಜ್ ಇಲ್ಲದೆಯೇ ನಿಧಾನಕ್ಕೆ ಮನೆ ಸೇರಬಹುದು. ವಾರ್ನಿಂಗ್ ಲ್ಯಾಂಪ್ ಬೇರೆ ಇದ್ದರೆ ಅದರ ಮೇಲೆ ಕಣ್ಣಿರಲಿ. ಹಂತ 5ರಲ್ಲಿ ಥ್ರೆಡ್ ಅಳೆದ ದಿನವೇ ಅದೇ ಅಳತೆಯ ಒಂದು ಪ್ಲಗ್, ಅದಕ್ಕೆ ಹೊಂದುವ ಒಂದು ಸ್ಪ್ಯಾನರ್ ತಂದು ಡಿಕ್ಕಿಯಲ್ಲಿ ಇಟ್ಟುಬಿಡಿ.